ಸಸಿಯ ಜೊತೆ ಬಂದ ರೋಗ, ಹಿತ್ತಲ ಗಿಡಕ್ಕೆ ಆದ ಶಿಕ್ಷೆ

ಬೇಕರಿಯ ಫ್ರೀಜರ್ ಮುಂದೆ ನಿಂತು 'ಬ್ಲ್ಯಾಕ್ ಕರಂಟ್' ಐಸ್‌ಕ್ರೀಮ್ ಕೇಳುವಾಗ ಚಿಕ್ಕಂದಿನಲ್ಲಿ ನಮಗೆ ನಗು ಬರುತ್ತಿತ್ತು. ಊರಲ್ಲಿ ಇರುವ ಕರೆಂಟೇ ಸರಿಯಾಗಿ ಬರುವುದಿಲ್ಲ, ಇದ್ಯಾವುದು ಕಪ್ಪು ಕರೆಂಟು? ಸ್ವಲ್ಪ ದೊಡ್ಡವರಾದ ಮೇಲೆ ಅದು ಕಪ್ಪು ಒಣದ್ರಾಕ್ಷಿ ಅಂದುಕೊಂಡೆವು. ಅದೂ ತಪ್ಪು. ಬ್ಲ್ಯಾಕ್ ಕರಂಟ್ ಎಂಬುದು ಬೇರೆಯೇ ಒಂದು ಹಣ್ಣು. ಎದೆಮಟ್ಟಕ್ಕೆ ಬೆಳೆಯುವ ಪೊದೆಯಲ್ಲಿ ಗೊಂಚಲು ಗೊಂಚಲಾಗಿ ಬಿಡುವ, ಹುಳಿಯಾದ, ಕಡುಕಪ್ಪು ಬಣ್ಣದ ಹಣ್ಣು.

ಗೊಂದಲಕ್ಕೂ ಕಾರಣ ಇದೆ. ಗ್ರೀಸ್ ದೇಶದ ಕೊರಿಂತ್ ಎಂಬ ಊರಿನ ಕಡೆಯಿಂದ ಬರುತ್ತಿದ್ದ ಸಣ್ಣ ಒಣದ್ರಾಕ್ಷಿಗೆ ಮೊದಲು ಕರಂಟ್ ಎಂಬ ಹೆಸರು ಬಂತು. ಆಮೇಲೆ ಅದರಂತೆಯೇ ಕಾಣುವ ಈ ಪೊದೆಯ ಹಣ್ಣಿಗೂ ಅದೇ ಹೆಸರು ಅಂಟಿಕೊಂಡಿತು. ಇದರ ದಾಯಾದಿಯೇ ಗೂಸ್‌ಬೆರಿ. ನಮ್ಮ ನೆಲ್ಲಿಕಾಯಿಗೆ 'ಇಂಡಿಯನ್ ಗೂಸ್‌ಬೆರಿ' ಅನ್ನುತ್ತಾರೆ, ಆದರೆ ಎರಡಕ್ಕೂ ಯಾವ ನಂಟೂ ಇಲ್ಲ. ಕರಂಟ್ ಮತ್ತು ಗೂಸ್‌ಬೆರಿ ಎರಡೂ 'ರೈಬೀಸ್' ಎಂಬ ಒಂದೇ ಕುಲದ ಗಿಡಗಳು. ಗೂಸ್‌ಬೆರಿಗೆ ಮುಳ್ಳು, ಕರಂಟಿಗೆ ಇಲ್ಲ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಕೊರೆಯುವ ಚಳಿ ಸಿಗದಿದ್ದರೆ ಇವು ಸರಿಯಾಗಿ ಹೂ ಬಿಡುವುದಿಲ್ಲ. ಹಿಮಾಲಯದ ಎತ್ತರದಲ್ಲಿ ಇವುಗಳ ಕಾಡು ಜಾತಿಗಳಿವೆ. ನಮ್ಮ ಬಯಲುಸೀಮೆಗಾಗಲಿ ಮಲೆನಾಡಿಗಾಗಲಿ ಇದು ಒಗ್ಗುವ ಬೆಳೆಯಲ್ಲ.

ಹಾಗಿದ್ದರೆ ನಮಗೇಕೆ ಇದರ ಕಥೆ? ಈ ಎರಡು ಗಿಡಗಳ ಇತಿಹಾಸ ಹಣ್ಣಿನದ್ದಕ್ಕಿಂತ ಹೆಚ್ಚಾಗಿ ರೋಗದ ಇತಿಹಾಸ. ಒಂದು ರೋಗ ಅಮೆರಿಕದಿಂದ ಯುರೋಪಿಗೆ ಹೋಯಿತು. ಇನ್ನೊಂದು ಯುರೋಪಿನಿಂದ ಅಮೆರಿಕಕ್ಕೆ ಬಂತು. ಸಮುದ್ರ ದಾಟಿದ್ದು ನೋಡಲು ಚೆನ್ನಾಗಿದ್ದ ಗಿಡಗಳ ಜೊತೆ. ಅದಕ್ಕೆ ಬೆಲೆ ತೆತ್ತವರು ಮಾತ್ರ ಆ ಗಿಡಗಳನ್ನು ತರಿಸಿದವರಲ್ಲ. ನರ್ಸರಿಯಿಂದ ಅಡಿಕೆ, ದಾಳಿಂಬೆ, ಬಾಳೆ, ಕಾಳುಮೆಣಸಿನ ಸಸಿ ತಂದು ನೆಡುವ ನಾವೆಲ್ಲ ಕೇಳಬೇಕಾದ ಕಥೆ ಇದು.

ನೇಕಾರರ ಹಿತ್ತಲು

ಮೊದಲು ಇಂಗ್ಲೆಂಡಿಗೆ ಹೋಗೋಣ. 18ನೇ ಶತಮಾನದ ಕೊನೆಗೆ ಅಲ್ಲಿನ ಉತ್ತರ ಭಾಗದ ಲ್ಯಾಂಕಾಶೈರ್, ಚೆಶೈರ್ ಸೀಮೆಗಳಲ್ಲಿ ಕೈಮಗ್ಗದ ನೇಕಾರರು ಬಹಳ ಇದ್ದರು. ಹೊಲ ಇಲ್ಲ, ಇದ್ದದ್ದು ಮನೆ ಹಿಂದಿನ ಅಂಗೈಯಗಲ ಜಾಗ. ಅಷ್ಟರಲ್ಲೇ ಅವರು ಗೂಸ್‌ಬೆರಿ ಬೆಳೆದರು. ಬರೀ ಬೆಳೆಯಲಿಲ್ಲ, ಯಾರ ಹಣ್ಣು ದೊಡ್ಡದು ಎಂದು ಪೈಪೋಟಿಗೆ ಬಿದ್ದರು. ಊರೂರಲ್ಲಿ ಗೂಸ್‌ಬೆರಿ ಸಂಘಗಳು ಹುಟ್ಟಿದವು. ವರ್ಷಕ್ಕೊಮ್ಮೆ ಹಣ್ಣನ್ನು ತಕ್ಕಡಿಗೆ ಹಾಕಿ ತೂಗುತ್ತಿದ್ದರು. ಗೆದ್ದವರಿಗೆ ತಾಮ್ರದ ಕೆಟಲ್ ಬಹುಮಾನ. ಯಾರ್ಕ್‌ಶೈರಿನ ಎಗ್ಟನ್ ಬ್ರಿಡ್ಜ್ ಎಂಬ ಹಳ್ಳಿಯಲ್ಲಿ 1800ರಲ್ಲಿ ಶುರುವಾದ ಇಂಥ ಸ್ಪರ್ಧೆ ಈಗಲೂ ಆಗಸ್ಟ್ ತಿಂಗಳ ಮೊದಲ ಮಂಗಳವಾರ ನಡೆಯುತ್ತದೆ.

ಈ ಬಡ ನೇಕಾರರು ಮಾಡಿದ್ದು ಸಣ್ಣ ಕೆಲಸವಲ್ಲ. ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ತನ್ನ ಪುಸ್ತಕದಲ್ಲಿ ಇದನ್ನು ಬರೆದಿಟ್ಟಿದ್ದಾನೆ. 1852ರಲ್ಲಿ 'ಲಂಡನ್' ಎಂಬ ತಳಿಯ ಒಂದು ಹಣ್ಣು ಹೆಚ್ಚುಕಡಿಮೆ 58 ಗ್ರಾಂ ತೂಗಿತು. ಕಾಡು ಗೂಸ್‌ಬೆರಿಗಿಂತ ಏಳೆಂಟು ಪಟ್ಟು. ಬೀಜ ಬಿತ್ತಿ, ಒಳ್ಳೆಯ ಗಿಡ ಆರಿಸಿ, ಅದರ ಕಡ್ಡಿ ನೆಟ್ಟು, ಮತ್ತೆ ಆರಿಸಿ ಬೆಳೆಸಿದವರು ಯಾವ ಕೃಷಿ ಕಾಲೇಜಿಗೂ ಹೋದವರಲ್ಲ.

ಬೆಳೆಸುವ ಕ್ರಮವೂ ಸರಳ. ಎಲೆ ಉದುರುವ ಕಾಲದಲ್ಲಿ, ಆ ವರ್ಷ ಬೆಳೆದ ಗಟ್ಟಿ ಕಡ್ಡಿಯನ್ನು ಒಂದು ಗೇಣಿನಷ್ಟು ಕತ್ತರಿಸಿ ನೆಲಕ್ಕೆ ಚುಚ್ಚಿದರೆ ಬೇರು ಬಿಡುತ್ತದೆ. ಬ್ಲ್ಯಾಕ್ ಕರಂಟನ್ನು ಸ್ವಲ್ಪ ಆಳಕ್ಕೆ ನೆಡಬೇಕು, ಬುಡದಿಂದಲೇ ಹೊಸ ಚಿಗುರು ಏಳಬೇಕು. ಅದು ಮುಖ್ಯವಾಗಿ ಹಿಂದಿನ ವರ್ಷದ ಕಡ್ಡಿಯಲ್ಲಿ ಕಾಯಿ ಬಿಡುವುದರಿಂದ ಹಳೆಯ ಕೊಂಬೆಗಳನ್ನು ವರ್ಷವರ್ಷವೂ ಬುಡದಿಂದ ತೆಗೆಯುತ್ತಾರೆ. ಗೂಸ್‌ಬೆರಿ, ಕೆಂಪು ಕರಂಟುಗಳು ಹಳೆಯ ಕೊಂಬೆಯ ಗಿಡ್ಡ ಕವಲುಗಳಲ್ಲೂ ಕಾಯಿ ಬಿಡುತ್ತವೆ. ಅವುಗಳನ್ನು ಬಟ್ಟಲಿನ ಆಕಾರಕ್ಕೆ ಸವರಿ, ನಡುವೆ ಗಾಳಿ ಬೆಳಕು ಆಡುವಂತೆ ಬಿಡುತ್ತಾರೆ. ಈ ಗಾಳಿಯ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲ ಪಯಣ: ಬೂದಿ ರೋಗ

ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು ತಮ್ಮ ಜೊತೆ ಗೂಸ್‌ಬೆರಿಯನ್ನೂ ಒಯ್ದರು. ಆದರೆ ಅಲ್ಲಿ ಅದು ಕೈ ಹಿಡಿಯಲಿಲ್ಲ. ಎಳೆಯ ಚಿಗುರು, ಎಲೆ, ಕಾಯಿಯ ಮೇಲೆಲ್ಲ ಬಿಳಿ ಪುಡಿ ಉದುರಿಸಿದಂತೆ ಕಾಣುತ್ತಿತ್ತು. ದಿನ ಕಳೆದಂತೆ ಆ ಬಿಳುಪು ಕಂದು ಬಣ್ಣದ ಕಂಬಳಿಯಂತೆ ಕಾಯಿಗೆ ಅಂಟಿಕೊಳ್ಳುತ್ತಿತ್ತು. ಚಿಗುರು ಸುರುಟಿ ಒಣಗುತ್ತಿತ್ತು. ದ್ರಾಕ್ಷಿ ಬೆಳೆಯುವ ವಿಜಯಪುರ, ಚಿಕ್ಕಬಳ್ಳಾಪುರದವರಿಗೆ ಇದರ ಪರಿಚಯ ಹೇಳಬೇಕಿಲ್ಲ. ಇದೂ ಒಂದು ಬೂದಿ ರೋಗ. ದ್ರಾಕ್ಷಿಯದ್ದೇ ಶಿಲೀಂಧ್ರ ಅಲ್ಲ, ಅದೇ ಗುಂಪಿಗೆ ಸೇರಿದ ಬೇರೊಂದು. 1834ರಲ್ಲಿ ಶ್ವೈನಿಟ್ಸ್ ಎಂಬ ವಿಜ್ಞಾನಿ ಇದನ್ನು ಗುರುತಿಸಿ ಹೆಸರಿಟ್ಟ.

ಅಮೆರಿಕದ ಕಾಡಿನಲ್ಲೇ ಇದ್ದ ಗೂಸ್‌ಬೆರಿ ಜಾತಿಗಳಿಗೆ ಈ ರೋಗ ಅಷ್ಟಾಗಿ ತಗಲುತ್ತಿರಲಿಲ್ಲ. ಸಾವಿರಾರು ವರ್ಷ ಅದರ ಜೊತೆಗೇ ಬಾಳಿ ಪಳಗಿದ್ದವು. 1833ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಲಿನ್ ಊರಿನ ಏಬೆಲ್ ಹೌಟನ್ ಬೆಳೆಸಿದ ಸಸಿಯೊಂದರಲ್ಲಿ ಈ ಕಾಡು ಗೂಸ್‌ಬೆರಿಯ ರಕ್ತ ಇತ್ತು. ಹಣ್ಣು ಸಣ್ಣದು, ಆದರೆ ಬೂದಿ ರೋಗಕ್ಕೆ ಜಗ್ಗುತ್ತಿರಲಿಲ್ಲ. 'ಹೌಟನ್' ಎಂದೇ ಹೆಸರಾದ ಆ ತಳಿಯಿಂದಾಗಿ ಅಮೆರಿಕದಲ್ಲಿ ಗೂಸ್‌ಬೆರಿ ಬೇಸಾಯ ಉಳಿಯಿತು.

ಆಮೇಲೆ ರೋಗ ತಿರುಗಿ ಯುರೋಪಿನ ದಾರಿ ಹಿಡಿಯಿತು. 1900ರಲ್ಲಿ ಐರ್ಲೆಂಡಿನಲ್ಲಿ ಕಾಣಿಸಿತು. ಸ್ವಲ್ಪದರಲ್ಲೇ ರಷ್ಯಾ ಕಡೆಯಿಂದಲೂ ಸುದ್ದಿ ಬಂತು. ಇ. ಎಸ್. ಸಾಲ್ಮನ್ ಎಂಬ ಶಿಲೀಂಧ್ರ ವಿಜ್ಞಾನಿ ಇದು ಇಂಗ್ಲೆಂಡಿಗೂ ಬರುತ್ತದೆ, ಗಿಡಗಳ ಸಾಗಾಟ ತಡೆಯಿರಿ ಎಂದು ಎಚ್ಚರಿಸುತ್ತಲೇ ಇದ್ದ. 1906ರಲ್ಲಿ ಬಂದೇ ಬಿಟ್ಟಿತು. ಗಾಳಿ ಅದನ್ನು ಅಕ್ಕಪಕ್ಕದ ತೋಟಕ್ಕೆ ಒಯ್ಯಬಲ್ಲದು. ದೇಶದಿಂದ ದೇಶಕ್ಕೆ, ಜಿಲ್ಲೆಯಿಂದ ಜಿಲ್ಲೆಗೆ ಒಯ್ದದ್ದು ಮಾರಾಟದ ಗಿಡಗಳು. ನೇಕಾರರು ನೂರು ವರ್ಷ ಬೆವರು ಸುರಿಸಿ ದೊಡ್ಡದು ಮಾಡಿದ್ದ ಹಣ್ಣಿನ ತಳಿಗಳಿಗೆ ಈ ರೋಗದ ಪರಿಚಯವೇ ಇರಲಿಲ್ಲ. ಹಾಗಾಗಿ ತಡೆಯುವ ಶಕ್ತಿಯೂ ಇರಲಿಲ್ಲ.

1907ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಒಂದು ಕಾಯ್ದೆ ತಂದಿತು. ಹೆಸರು 'ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ'. ಅದಕ್ಕೂ ಮೊದಲು 1877ರಲ್ಲಿ ಬಂದಿದ್ದ ಕಾಯ್ದೆ ಆಲೂಗಡ್ಡೆ ತಿನ್ನುವ ಒಂದು ದುಂಬಿಗೆ ಮಾತ್ರ ಸೀಮಿತವಾಗಿತ್ತು. ಅದನ್ನು ಎಲ್ಲ ಕೀಟ, ರೋಗಗಳಿಗೂ ಹಿಗ್ಗಿಸುವಂತೆ ಮಾಡಿದ್ದು ಮುಖ್ಯವಾಗಿ ಈ ಗೂಸ್‌ಬೆರಿ ಬೂದಿ ರೋಗ. ಆದರೆ ನೋಡಿ, ರೋಗ ಒಳಗೆ ಬಂದು ಕೂತ ಮೇಲೆ ಕಾಯ್ದೆ ಬಂತು. ಕಾಯ್ದೆಯ ಹೆಸರನ್ನು ಮಾತ್ರ ನೆನಪಿಡಿ.

ರೋಗ ಹತೋಟಿಗೆ ಬೆಳೆಗಾರರು ಕಂಡುಕೊಂಡ ದಾರಿಗಳು ಇವತ್ತಿಗೂ ಬದಲಾಗಿಲ್ಲ. ಶಿಲೀಂಧ್ರ ಚಳಿಗಾಲ ಕಳೆಯುವುದು ಚಿಗುರಿನ ತುದಿಯಲ್ಲಿ. ಆದ್ದರಿಂದ ರೋಗ ತಗಲಿದ ತುದಿಗಳನ್ನು ಕತ್ತರಿಸಿ ಸುಡಬೇಕು. ಪೊದೆಯ ನಡುವೆ ಗಾಳಿಯಾಡಬೇಕು. ಸಾರಜನಕ ಗೊಬ್ಬರ ಹೆಚ್ಚಾದರೆ ಚಿಗುರು ಮೆತ್ತಗಾಗಿ ರೋಗವನ್ನು ಕರೆದು ಕೂರಿಸುತ್ತದೆ. ಗಂಧಕ ಸಿಂಪಡಿಸಬಹುದು. ಆದರೆ ಗೂಸ್‌ಬೆರಿಯ ಕೆಲವು ತಳಿಗಳಿಗೆ ಗಂಧಕ ಆಗುವುದಿಲ್ಲ, ಎಲೆಯೆಲ್ಲ ಉದುರಿಬಿಡುತ್ತದೆ. ದೊಡ್ಡ ಹಣ್ಣಿಗೆ ಹೆಸರಾದ 'ಲೆವೆಲರ್' ತಳಿ ಅಂಥದ್ದು. ಔಷಧದ ಅಂಗಡಿಯವರು ಹೇಳಿದ್ದನ್ನೆಲ್ಲ ಹೊಡೆಯುವ ಮುಂಚೆ ನಮ್ಮ ತಳಿ ಯಾವುದು ಎಂದು ನೋಡಬೇಕು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಕೊನೆಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ತಡೆದುಕೊಳ್ಳುವ ತಳಿಗಳೇ. ಅಮೆರಿಕದ ಕಾಡು ಜಾತಿಯ ಗುಣ ಸೇರಿಸಿ ಹೊಸ ತಳಿ ಬೆಳೆಸಿದರು.

ಎರಡನೆಯ ಪಯಣ: ಪೈನ್ ಮರದ ತುಕ್ಕು

ಈಗ ಎರಡನೆಯ ರೋಗ. ಇದರ ದಾರಿ ಇನ್ನೂ ವಿಚಿತ್ರ.

ಅಮೆರಿಕದ ಪೂರ್ವ ಭಾಗದಲ್ಲಿ ಬಿಳಿ ಪೈನ್ ಎಂಬ ಮರ ಇದೆ. ನೆಟ್ಟಗೆ, ಎತ್ತರಕ್ಕೆ ಬೆಳೆಯುತ್ತದೆ. ಬ್ರಿಟಿಷರ ಆಳ್ವಿಕೆಯಲ್ಲಿ ಅವರ ನೌಕಾಪಡೆಯ ಹಡಗಿನ ಕಂಬಗಳಿಗೆ ಇದೇ ಮರ ಬೇಕಿತ್ತು. ಒಳ್ಳೆಯ ಮರಗಳ ಮೇಲೆ ಬಾಣದ ಗುರುತು ಕೆತ್ತಿ 'ಇದು ರಾಜನ ಮರ' ಎಂದು ಮೀಸಲಿಡುತ್ತಿದ್ದರು. 18ನೇ ಶತಮಾನದಲ್ಲಿ ಈ ಮರವನ್ನು ಯುರೋಪಿಗೆ ಒಯ್ದು ಅಲ್ಲಲ್ಲಿ ನೆಟ್ಟರು.

ಏಷ್ಯಾದ ಉತ್ತರದ ಕಾಡುಗಳಲ್ಲಿ ಒಂದು ತುಕ್ಕು ರೋಗ ಮೊದಲಿನಿಂದ ಇತ್ತು. ಅಲ್ಲಿನ ಪೈನ್ ಮರಗಳು ಅದಕ್ಕೆ ಒಗ್ಗಿಕೊಂಡಿದ್ದವು. 1850ರ ದಶಕದಲ್ಲಿ ಅದು ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ಕಂಡಿತು. ಅಮೆರಿಕದಿಂದ ಬಂದಿದ್ದ ಬಿಳಿ ಪೈನಿಗೆ ಅದರ ಗಂಧಗಾಳಿ ಇರಲಿಲ್ಲ. ತುಕ್ಕು ಆ ಮರಗಳನ್ನು ಹಿಡಿದುಕೊಂಡು ಯುರೋಪಿನ ತುಂಬ ಹಬ್ಬಿತು.

ಈ ಹೊತ್ತಿಗೆ ಅಮೆರಿಕದವರು ತಮ್ಮ ಪೈನ್ ಕಾಡುಗಳನ್ನು ಕಡಿದು ಮುಗಿಸುತ್ತ ಬಂದಿದ್ದರು. ಮತ್ತೆ ನೆಡಬೇಕು, ಸಸಿ ಸಾಲದು. ಜರ್ಮನಿಯ ನರ್ಸರಿಗಳಲ್ಲಿ ಬಿಳಿ ಪೈನ್ ಸಸಿ ಅಗ್ಗಕ್ಕೆ ಸಿಗುತ್ತಿತ್ತು. ತಮ್ಮದೇ ನೆಲದ ಮರದ ಸಸಿಯನ್ನು ಸಮುದ್ರದಾಚೆಯಿಂದ ಲಕ್ಷಗಟ್ಟಲೆ ತರಿಸಿಕೊಂಡರು. ಸಸಿಗಳು ಹಸಿರಾಗಿದ್ದವು, ಆರೋಗ್ಯವಾಗಿ ಕಾಣುತ್ತಿದ್ದವು. ಆದರೆ ಈ ತುಕ್ಕು ಸೂಜಿಯಂಥ ಎಲೆಯ ಮೂಲಕ ಒಳಗೆ ಹೋದ ಮೇಲೆ ಹೊರಗೆ ಕಾಣಲು ಎರಡು ಮೂರು ವರ್ಷ ಬೇಕು. ಹಡಗಿನಿಂದ ಇಳಿಸುವಾಗ ಎಷ್ಟು ಕಣ್ಣು ಬಿಟ್ಟು ನೋಡಿದರೂ ಏನೂ ಕಾಣುವುದಿಲ್ಲ.

1906ರಲ್ಲಿ ನ್ಯೂಯಾರ್ಕ್ ರಾಜ್ಯದ ಜಿನೀವಾ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕರಂಟ್ ಗಿಡದ ಎಲೆ ಮೇಲೆ ಈ ತುಕ್ಕು ಮೊದಲು ಸಿಕ್ಕಿತು. 1909ರಲ್ಲಿ ಜರ್ಮನಿಯಿಂದ ಬಂದ ಪೈನ್ ಸಸಿಗಳಲ್ಲೇ ಪತ್ತೆಯಾಯಿತು. 1910ರಲ್ಲಿ ಫ್ರಾನ್ಸಿನಿಂದ ಕೆನಡಾದ ಪಶ್ಚಿಮ ತೀರದ ವ್ಯಾಂಕೂವರಿಗೆ ಬಂದ ಸಸಿಗಳ ಜೊತೆ ಇನ್ನೊಂದು ಬಾಗಿಲಿನಿಂದಲೂ ಒಳಗೆ ನುಗ್ಗಿತು. ಅದು ಬಯಲಿಗೆ ಬಂದದ್ದು 1921ರಲ್ಲಿ. ಅಷ್ಟರೊಳಗೆ ಹತ್ತು ವರ್ಷ ಕಳೆದಿತ್ತು.

ಎರಡು ಮನೆಯ ರೋಗ

ಈ ತುಕ್ಕಿಗೆ ಬದುಕಲು ಎರಡು ಮನೆ ಬೇಕು. ಒಂದು, ಐದೈದು ಸೂಜಿ ಎಲೆಯ ಗುಚ್ಛ ಇರುವ ಪೈನ್ ಮರ. ಇನ್ನೊಂದು, ಕರಂಟ್ ಅಥವಾ ಗೂಸ್‌ಬೆರಿ ಗಿಡ. ಪೈನ್ ಮರದಿಂದ ಪೈನ್ ಮರಕ್ಕೆ ನೇರವಾಗಿ ಹರಡುವುದಿಲ್ಲ. ನಡುವೆ ಪೊದೆ ಬೇಕೇ ಬೇಕು.

ವಸಂತಕಾಲದಲ್ಲಿ ಪೈನ್ ತೊಗಟೆ ಮೇಲೆ ಬೊಬ್ಬೆ ಎದ್ದು ಕಿತ್ತಳೆ ಬಣ್ಣದ ಪುಡಿ ಉದುರುತ್ತದೆ. ಆ ಬೀಜಕಣಗಳು ಗಟ್ಟಿ, ಗಾಳಿಯಲ್ಲಿ ನೂರಾರು ಕಿಲೋಮೀಟರ್ ಹೋಗಬಲ್ಲವು. ಅವು ಕರಂಟ್ ಎಲೆಯ ಅಡಿಭಾಗಕ್ಕೆ ಬಿದ್ದು ತುಕ್ಕಿನ ಚುಕ್ಕೆ ಆಗುತ್ತವೆ. ಬೇಸಿಗೆಯಲ್ಲಿ ಪೊದೆಯಿಂದ ಪೊದೆಗೆ ಹರಡುತ್ತವೆ. ಮಳೆಯ ತಂಪಿಗೆ ಪೊದೆಯಲ್ಲಿ ಇನ್ನೊಂದು ಬಗೆಯ ಬೀಜಕಣ ಹುಟ್ಟಿ ತಿರುಗಿ ಪೈನಿಗೆ ಹೋಗುತ್ತದೆ. ಇವು ಬಹಳ ನಾಜೂಕು, ಬಿಸಿಲು ತಾಗಿದರೆ ಸಾಯುತ್ತವೆ. ಸಾಮಾನ್ಯವಾಗಿ ಮುನ್ನೂರು ಮೀಟರ್ ದಾಟುವುದಿಲ್ಲ.

ಪೊದೆಗೆ ಇದರಿಂದ ದೊಡ್ಡ ನಷ್ಟ ಇಲ್ಲ. ಎಲೆ ಸ್ವಲ್ಪ ಬೇಗ ಉದುರಬಹುದು, ಅಷ್ಟೆ. ಪೈನ್ ಮರಕ್ಕೆ ಮಾತ್ರ ಯಮ. ತೊಗಟೆಯಲ್ಲಿ ಹುಣ್ಣು ಬೆಳೆದು ಕಾಂಡವನ್ನು ಸುತ್ತುವರಿದರೆ ಅದರ ಮೇಲಿನ ಭಾಗವೆಲ್ಲ ಒಣಗುತ್ತದೆ. ಸಣ್ಣ ಮರಗಳು ಬೇಗ ಸಾಯುತ್ತವೆ.

ಈಗ ಸರ್ಕಾರದ ಮುಂದೆ ಎರಡು ದಾರಿ. ಮರ ಉಳಿಸಬೇಕೆಂದರೆ ಪೊದೆ ತೆಗೆಯಬೇಕು. ಪೊದೆ ಉಳಿಸಬೇಕೆಂದರೆ ಮರದ ಆಸೆ ಬಿಡಬೇಕು. ಪೈನ್ ಎಂದರೆ ದೊಡ್ಡ ಮರದ ವ್ಯಾಪಾರ. ಕರಂಟ್ ಎಂದರೆ ಹಿತ್ತಲಲ್ಲಿ ಜಾಮ್ ಮಾಡಲು ಬೆಳೆಯುವ ಗಿಡ, ಜೊತೆಗೆ ಸಣ್ಣಪುಟ್ಟ ತೋಟಗಾರರ ಬೆಳೆ. ತೀರ್ಮಾನ ಯಾವ ಕಡೆ ಆಯಿತು ಎಂದು ಹೇಳಬೇಕಾಗಿಲ್ಲ.

ಕೋಟಿಗಟ್ಟಲೆ ಗಿಡ ಕಿತ್ತರು

1912ರಲ್ಲಿ ಅಮೆರಿಕದ ಮೊದಲ ಸಸ್ಯ ಕ್ವಾರಂಟೈನ್ ಕಾಯ್ದೆ ಬಂತು. ಅದರ ಅಡಿ ಹೊರಡಿಸಿದ ಒಂದನೇ ನಂಬರಿನ ಆದೇಶವೇ ಈ ಪೈನ್ ತುಕ್ಕಿನ ಬಗ್ಗೆ. ಹೊರದೇಶದ ಸಸಿಗಳಿಗೆ ತಡೆ ಬಿತ್ತು. ಇಲ್ಲೂ ರೋಗ ಬಂದಾದ ಮೇಲೆ ಕಾಯ್ದೆ. ಆಮೇಲೆ ರಾಜ್ಯ ರಾಜ್ಯಗಳು ಕರಂಟ್, ಗೂಸ್‌ಬೆರಿ ಬೆಳೆಯುವುದನ್ನೇ ನಿಷೇಧಿಸಿದವು. ತುಕ್ಕಿಗೆ ಬೇಗ ತುತ್ತಾಗುವ ಬ್ಲ್ಯಾಕ್ ಕರಂಟ್ ಮೇಲೆ ಎಲ್ಲಕ್ಕಿಂತ ಹೆಚ್ಚು ಕೋಪ.

ಕಿತ್ತು ಹಾಕುವ ಕೆಲಸ ಶುರುವಾಯಿತು. ಪೈನ್ ತೋಪಿನ ಸುತ್ತ 900 ಅಡಿಯೊಳಗೆ ಒಂದು ಪೊದೆಯೂ ಇರಬಾರದು. ಕಾಡಿನಲ್ಲಿ ಜನ ಸಾಲುಗಟ್ಟಿ ನಡೆದು, ಪ್ರತಿ ಪೊದೆ ಹುಡುಕಿ, ಬೇರು ಸಮೇತ ಕೀಳುತ್ತಿದ್ದರು. ಹಿತ್ತಲಿನ ಗಿಡಗಳನ್ನೂ ಬಿಡಲಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ನಿರುದ್ಯೋಗಿ ಯುವಕರಿಗೆ ಕೆಲಸ ಕೊಡಲು ಸರ್ಕಾರ ಕಟ್ಟಿದ ದಳದ ಸಾವಿರಾರು ಹುಡುಗರನ್ನು ಇದಕ್ಕೆ ಹಚ್ಚಿದರು. ನಮ್ಮ ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳು ತೆಗೆದಂತೆ, ಅವರು ಪೊದೆ ಕಿತ್ತರು. ಕೋಟಿಗಟ್ಟಲೆ ಗಿಡಗಳು ಹೋದವು.

ಫಲ ಸಿಕ್ಕಿತೇ? ಪೂರ್ವ ಭಾಗದ ಕೆಲವು ಕಡೆ ಸಿಕ್ಕಿತು, ಅದನ್ನು ಅಲ್ಲಗಳೆಯಬಾರದು. ಮೇನ್ ರಾಜ್ಯದಂಥಲ್ಲಿ ಪೊದೆ ತೆಗೆದ ಕಾಡಿನಲ್ಲಿ ರೋಗ ಕಡಿಮೆಯಾಯಿತು. ಆದರೆ ಪಶ್ಚಿಮದ ಗುಡ್ಡಗಾಡಿನಲ್ಲಿ ಕೈ ಸೋತಿತು. ಅಲ್ಲಿ ಕಾಡು ಪೊದೆಗಳೇ ಲೆಕ್ಕವಿಲ್ಲದಷ್ಟು. ಬೇರಿನ ತುಂಡು ಉಳಿದರೆ ಸಾಕು, ಮತ್ತೆ ಚಿಗುರುತ್ತದೆ. ಅದರ ಬೀಜ ಮಣ್ಣಿನಲ್ಲಿ ಹತ್ತಾರು ವರ್ಷ ಮಲಗಿದ್ದು, ನೆಲ ಕೆದಕಿದ ಕೂಡಲೇ ಮೊಳೆಯುತ್ತದೆ. ಕೀಳಲು ಹೋದವರ ಕಾಲು, ಗುದ್ದಲಿಗಳೇ ನೆಲ ಕೆದಕಿ ಬಿತ್ತನೆಗೆ ಹದ ಮಾಡಿದಂತಾಯಿತು. 1950-60ರ ದಶಕದಲ್ಲಿ ಮರಗಳಿಗೆ ಆಂಟಿಬಯೋಟಿಕ್ ಔಷಧ ಸಿಂಪಡಿಸಿ ನೋಡಿದರು, ಅದೂ ನಾಟಲಿಲ್ಲ. 1960ರ ದಶಕದಲ್ಲಿ ಪಶ್ಚಿಮದಲ್ಲಿ ಪೊದೆ ಕೀಳುವ ಕಾರ್ಯಕ್ರಮ ಕೈಬಿಟ್ಟರು. 1966ರಲ್ಲಿ ಕೇಂದ್ರದ ನಿಷೇಧ ಹೋಗಿ, ತೀರ್ಮಾನ ರಾಜ್ಯಗಳಿಗೆ ಬಿತ್ತು.

ಮರಗಳಿಗೆ ಆಸರೆಯಾದದ್ದು ಬೇರೆ ದಾರಿ. ಸುತ್ತಲಿನ ಮರಗಳೆಲ್ಲ ಸತ್ತ ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಮರ ಹಸಿರಾಗಿ ನಿಂತಿರುತ್ತಿತ್ತು. ಅಂಥ ಮರಗಳ ಬೀಜ ಆಯ್ದು, ಸಸಿ ಬೆಳೆಸಿ, ರೋಗ ಹಚ್ಚಿ ಪರೀಕ್ಷಿಸಿ, ತಡೆದುಕೊಂಡವನ್ನು ಮುಂದುವರಿಸಿದರು. ನೇಕಾರರು ಗೂಸ್‌ಬೆರಿಯಲ್ಲಿ ಮಾಡಿದ್ದೂ ಇದೇ ಆಯ್ಕೆಯ ಕೆಲಸ. ಆದರೂ ನಷ್ಟ ಪೂರ್ತಿ ತುಂಬಲಿಲ್ಲ. ಎತ್ತರದ ಬೆಟ್ಟಗಳ ವೈಟ್‌ಬಾರ್ಕ್ ಪೈನ್ ಎಂಬ ಮರವನ್ನು 2022ರಲ್ಲಿ ಅಮೆರಿಕ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿತು. ಮುಖ್ಯ ಕಾರಣ ಇದೇ ತುಕ್ಕು.

ಅಲ್ಲಿ ಅಪರಾಧಿ, ಇಲ್ಲಿ ಔಷಧ

ಅಮೆರಿಕದಲ್ಲಿ ಬ್ಲ್ಯಾಕ್ ಕರಂಟ್ ಬೆಳೆಯುವುದು ತಪ್ಪಾಗಿದ್ದ ಕಾಲದಲ್ಲೇ ಬ್ರಿಟನ್ನಿನಲ್ಲಿ ಅದು ಮಕ್ಕಳ ಔಷಧವಾಯಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಹಡಗು ಮುಳುಗಿಸುತ್ತಿದ್ದವು, ಕಿತ್ತಳೆ ಬರುವುದು ಕಷ್ಟವಾಯಿತು. ನೂರು ಗ್ರಾಂ ಕಿತ್ತಳೆಯಲ್ಲಿ ಸುಮಾರು 50 ಮಿಲಿಗ್ರಾಂ ಸಿ ಜೀವಸತ್ವ ಇದ್ದರೆ ಬ್ಲ್ಯಾಕ್ ಕರಂಟಿನಲ್ಲಿ ಸುಮಾರು 180. ದೇಶದ ಬೆಳೆಯ ಬಹುಪಾಲನ್ನು ಶರಬತ್ತು ಮಾಡಿ ಚಿಕ್ಕ ಮಕ್ಕಳಿಗೆ ಪುಕ್ಕಟೆ ಹಂಚಿದರು. ಇವತ್ತಿಗೂ ಅಲ್ಲಿನವರಿಗೆ ಬ್ಲ್ಯಾಕ್ ಕರಂಟ್ ಅಂದರೆ ಮನೆಯ ರುಚಿ. ಅಮೆರಿಕದಲ್ಲಿ ಎರಡು ಮೂರು ತಲೆಮಾರಿಗೆ ಅದರ ರುಚಿಯೇ ಗೊತ್ತಿಲ್ಲ.

ಬ್ರಿಟನ್ನಿನ ಬ್ಲ್ಯಾಕ್ ಕರಂಟಿಗೂ ತನ್ನದೇ ಕಾಟ ಇತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಮೊಗ್ಗಿನೊಳಗೆ ಸೇರುತ್ತದೆ. ಚಳಿಗಾಲದಲ್ಲಿ ಮೊಗ್ಗು ಗುಂಡಗೆ ಊದಿ ನಿಲ್ಲುತ್ತದೆ. ಅದೇ ನುಸಿ ಒಂದು ವೈರಸ್ಸನ್ನೂ ಹೊತ್ತು ತರುತ್ತದೆ. ವೈರಸ್ ತಗಲಿದ ಗಿಡ ಹಸಿರಾಗೇ ಇರುತ್ತದೆ, ಎಲೆಯ ಆಕಾರ ಸ್ವಲ್ಪ ಬದಲಾಗುತ್ತದೆ, ಕಾಯಿ ಮಾತ್ರ ಬಿಡುವುದಿಲ್ಲ. ನುಸಿಗೂ ರೋಗಕ್ಕೂ ನಂಟಿದೆ ಎಂದು 1920ರ ದಶಕದಲ್ಲೇ ತಿಳಿದರೂ ಆ ವೈರಸ್ ಯಾವುದೆಂದು ಖಚಿತವಾದದ್ದು 1990ರ ದಶಕದಲ್ಲಿ. ಇದಕ್ಕೆ ಔಷಧ ಇಲ್ಲ. ರೋಗದ ಗಿಡ ಕಿತ್ತು ಸುಡುವುದು, ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟ ತಾಯಿಗಿಡದ ಕಡ್ಡಿ ಮಾತ್ರ ನೆಡುವುದು, ಇಷ್ಟೇ ದಾರಿ. ಕೊಡಗು, ಸಕಲೇಶಪುರದ ಏಲಕ್ಕಿ ಬೆಳೆಗಾರರು ಕಟ್ಟೆ ರೋಗಕ್ಕೆ ಮಾಡುವುದೂ ಇದನ್ನೇ ಅಲ್ಲವೇ? ಅಲ್ಲಿ ನುಸಿ, ಇಲ್ಲಿ ಹೇನು. ಎರಡೂ ಕಡೆ ರೋಗದ ಗಡ್ಡೆ, ರೋಗದ ಕಡ್ಡಿಯನ್ನು ನಾವೇ ಹಂಚಿಕೊಂಡರೆ ಕೀಟಕ್ಕಿಂತ ದೂರ ಒಯ್ಯುತ್ತೇವೆ.

ಅಮೆರಿಕದ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಕೆನಡಾದ ವಿಜ್ಞಾನಿಗಳು ತುಕ್ಕು ತಗಲದ ಬ್ಲ್ಯಾಕ್ ಕರಂಟ್ ತಳಿಗಳನ್ನು ಬೆಳೆಸಿದರು. ಸ್ವೀಡನ್ನಿನಿಂದ 'ಟೈಟಾನಿಯಾ' ಬಂತು. ಇವನ್ನು ನಂಬಿ 2003ರಲ್ಲಿ ನ್ಯೂಯಾರ್ಕ್ ರಾಜ್ಯ ನಿಷೇಧ ಸಡಿಲಿಸಿತು. ರೈತರು ಮತ್ತೆ ನೆಟ್ಟರು. ಆದರೆ ಈ ತಳಿಗಳಲ್ಲಿ ತುಕ್ಕನ್ನು ತಡೆಯುತ್ತಿದ್ದದ್ದು ಒಂದೇ ಒಂದು ಜೀನ್. 2011ರ ಸುಮಾರಿಗೆ ಕನೆಕ್ಟಿಕಟ್ ರಾಜ್ಯದಲ್ಲಿ ಆ ತಡೆಯನ್ನೂ ದಾಟುವ ಹೊಸ ಬಗೆಯ ತುಕ್ಕು ಕಾಣಿಸಿತು. ರೋಗವೂ ಕಲಿಯುತ್ತದೆ. ಒಂದೇ ಬೀಗ ಹಾಕಿದ ಮನೆಗೆ ಒಂದು ಕೀಲಿಕೈ ಸಾಕು.

ನಮ್ಮ ಬಾಗಿಲಿಗೆ ಬಂದ ಕಾಯ್ದೆ

ನೆನಪಿಡಿ ಎಂದಿದ್ದ ಆ ಕಾಯ್ದೆಯ ಹೆಸರಿಗೆ ಈಗ ಬರೋಣ. ಬ್ರಿಟನ್ನಿನಲ್ಲಿ 1907ರಲ್ಲಿ ಬಂದ 'ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ' ಏಳು ವರ್ಷದ ನಂತರ, 1914ರಲ್ಲಿ, ಅದೇ ಹೆಸರಿನಲ್ಲಿ ಭಾರತಕ್ಕೂ ಬಂತು. ಹೊರದೇಶದಿಂದ ಬರುವ ಗಿಡ, ಬೀಜಗಳನ್ನು ತಪಾಸಣೆ ಮಾಡುವ 2003ರ ಸಸ್ಯ ಕ್ವಾರಂಟೈನ್ ಆದೇಶವೂ ಈ 1914ರ ಕಾಯ್ದೆಯ ಅಡಿಯಲ್ಲೇ ಹೊರಬಿದ್ದದ್ದು. ಗೂಸ್‌ಬೆರಿ ಚಿಗುರಿನ ಬಿಳಿ ಬೂದಿಯಿಂದ ಬೆಳೆದ ಕಾಯ್ದೆಯ ಹೆಸರು ನಮ್ಮ ಬಂದರು, ವಿಮಾನ ನಿಲ್ದಾಣದ ಬಾಗಿಲು ಕಾಯುತ್ತಿದೆ.

ಅದೇ ವರ್ಷಗಳಲ್ಲಿ ನಮ್ಮ ಮಲೆನಾಡಿನಲ್ಲೂ ಒಂದು ಕೆಲಸ ನಡೆಯುತ್ತಿತ್ತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಹಿಂದೆ ಬಿದ್ದರು. ರೈತರು ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಕೊಳೆ ತರುವುದು ಯಾವ ಸೂಕ್ಷ್ಮಜೀವಿ ಎಂದು ಕೋಲ್ಮನ್ ಪತ್ತೆ ಹಚ್ಚಿ 1910ರಲ್ಲಿ ಪ್ರಕಟಿಸಿದರು, ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ಕೊಳೆರೋಗ ಮಳೆಯಲ್ಲಿ ಬರುವಂಥದ್ದು, ಅದಕ್ಕೆ ಸಿಂಪಡಣೆ ಉತ್ತರವಾಯಿತು. ಸಸಿಯ ಒಳಗೇ ಕೂತು ಬರುವ ರೋಗಕ್ಕೆ ಯಾವ ಸಿಂಪಡಣೆಯೂ ಪೂರ್ತಿ ಉತ್ತರವಲ್ಲ. ದಾಳಿಂಬೆಯ ದುಂಡಾಣು ಅಂಗಮಾರಿ ರೋಗ ಕೂಡ ರೋಗದ ಗಿಡದಿಂದ ಮಾಡಿದ ಸಸಿಯ ಮೂಲಕ ಹೊಸ ಊರು ಸೇರುತ್ತದೆ ಎಂಬುದು ಅದನ್ನು ಬೆಳೆದು ಸುಟ್ಟುಕೊಂಡವರಿಗೆ ಗೊತ್ತು.

ನರ್ಸರಿಗೆ ಹೋದಾಗ ನಾವು ಮೊದಲು ಕೇಳುವುದು "ಸಸಿಗೆ ಎಷ್ಟು?" ಎಂದು. ಜರ್ಮನಿಯ ಪೈನ್ ಸಸಿ ತರಿಸಿದವರೂ ಅದನ್ನೇ ಕೇಳಿದ್ದರು. ಸಸಿ ಅಗ್ಗಕ್ಕೆ ಸಿಕ್ಕಿತು, ಹಸಿರಾಗಿಯೂ ಇತ್ತು. ತಾಯಿಗಿಡ ಯಾವುದು, ಎಲ್ಲಿದೆ, ಅದಕ್ಕೆ ರೋಗ ಇದೆಯೇ, ನೋಡಬಹುದೇ ಎಂದು ಕೇಳಿದ್ದರೆ ಏನಾಗುತ್ತಿತ್ತೋ. ಕೇಳದೇ ತಂದದ್ದಕ್ಕೆ ಒಂದು ದೇಶದ ಬಡವರ ಹಿತ್ತಲಿನ ಹಣ್ಣು ಐವತ್ತು ಅರವತ್ತು ವರ್ಷ ಮಾಯವಾಯಿತು, ಕಾಡೂ ಪೂರ್ತಿ ಉಳಿಯಲಿಲ್ಲ.

ಮುಂದಿನ ಸಲ ಸಸಿ ತರಲು ಹೋದಾಗ ಬೆಲೆ ಕೇಳುವ ಮುಂಚೆ ತಾಯಿಗಿಡ ತೋರಿಸಿ ಎಂದು ಕೇಳಿ. ತಂದ ಸಸಿಯನ್ನು ತೋಟದ ನಡುವೆ ನೇರವಾಗಿ ನೆಡದೆ ಸ್ವಲ್ಪ ದಿನ ಒಂದು ಮೂಲೆಯಲ್ಲಿ ಬೇರೆ ಇಟ್ಟು ನೋಡಿ. ಹಾಗೆಯೇ ರೋಗ ಬಂದು ಅರ್ಧ ತೋಟ ಹಾಳಾದಾಗ, ನಡುವೆ ಹಸಿರಾಗಿ ನಿಂತ ಒಂದೆರಡು ಗಿಡ ಕಂಡರೆ ಅವನ್ನು ಕಡಿಯುವ ಮುಂಚೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ. ಆ ಗಿಡ ಯಾಕೆ ಉಳಿಯಿತು ಎಂದು ತಿಳಿಯುವುದು ನಮ್ಮೆಲ್ಲರಿಗೂ ಬೇಕು.